ಅಪ್‌ಡೇಟ್: ಆಕ್ಸಿಲರೇಟರ್ ಕೇಬಲ್ ಬದಲಾಯ್ತು, ಈಗ ಸರಾಗ

ಕಾರ್ಬುರೇಟರ್ ಬೈಕಲ್ಲಿ ಆಕ್ಸಿಲರೇಟರ್ ಬಿಟ್ರೂ ವಾಪಸ್ ಬರ್ತಿಲ್ಲ ಅಂತ ಹೋದ ವಾರ ಕೇಳಿದ್ದೆ. ಎಣ್ಣೆ ಬಿಟ್ಟಿದ್ದು ದಂಡ. ಗ್ರಿಪ್ ಕಡೆ ತುದೀಲಿ ಒಳತಂತಿಯ ಮೂರು ಎಳೆ ಕಿತ್ತು ಸಿಕ್ಕಾಕ್ಕೊಳ್ತಿದ್ವು. ದಾವಣಗೆರೆ ಪಿ.ಬಿ. ರಸ್ತೇಲಿ ಹಳೇದರ ಪಕ್ಕ ಇಟ್ಟು ಉದ್ದ ನೋಡಿ ಹೊಸದು ತಂದೆ. ಹಳೇ ಕೇಬಲ್ಲಿಗೆ ದಾರ ಕಟ್ಟಿ ಎಳೀರಿ, ಆ ದಾರದಿಂದ ಹೊಸದನ್ನ ಎಳ್ಕೊಳ್ಳಿ ಅಂದ ಅಣ್ಣಂಗೆ ನಮಸ್ಕಾರ, ಟ್ಯಾಂಕ್ ಕೆಳಗಿನ ದಾರಿ ತಪ್ಪಲಿಲ್ಲ.

ಯಾರೂ ಹೇಳದೇ ಇದ್ದದ್ದು ಸ್ಲೈಡ್ ವಿಷಯ, ಅಂದ್ರೆ ಕೇಬಲ್ ತುದೀಲಿ ಕೂತು ಕಾರ್ಬುರೇಟರ್ ಒಳಗೆ ಮೇಲೆ ಕೆಳಗೆ ಆಡೋ ಭಾಗ. ಅದರ ಮೈಮೇಲಿನ ಉದ್ದ ಗೀರು ಕಾರ್ಬುರೇಟರ್ ಒಳಗಿನ ಪಿನ್ನಿಗೆ ಕೂರಬೇಕು. ಉಲ್ಟಾ ಹಾಕಿದ್ರೆ ಪೂರ್ತಿ ಕೆಳಗಿಳಿಯಲ್ಲ, ಸ್ಟಾರ್ಟ್ ಆದ ಕೂಡಲೇ ಎಂಜಿನ್ ಕಿರುಚುತ್ತೆ. ಮುಚ್ಚಳ ಹಾಕೋ ಮೊದ್ಲು ಬೆರಳಲ್ಲಿ ಒತ್ತಿ ನೋಡಿ, ಟಕ್ ಅಂತ ಕೂರಬೇಕು.

ಗ್ರಿಪ್ಪಲ್ಲಿ 4 ಮಿ.ಮೀ. ಪ್ಲೇ (ಕೇಬಲ್ ಎಳೆಯೋ ಮೊದ್ಲು ಗ್ರಿಪ್ ಸುಮ್ನೆ ತಿರುಗೋ ಸಡಿಲ) ಬಿಟ್ಟಿದೀನಿ. ಪ್ಲೇ ಇಲ್ದಾಗ ಹ್ಯಾಂಡಲ್ ಪೂರ್ತಿ ತಿರುಗಿಸಿದ್ರೆ ರೇಸ್ ಏರ್ತಿತ್ತು.