ನಗೋಯಾದಲ್ಲಿ ಮೀಟಿಂಗ್, ಸಸ್ಯಾಹಾರಿ ಊಟ, ಒಂದೂವರೆ ದಿನ ಸುತ್ತಾಟ: ಏನು ತಯಾರಿ ಬೇಕು?

ಪ್ರಶ್ನೆ: ಮೇಡಂ, ನಮ್ಮದು ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್. ವಾಹನಗಳ ಬಿಡಿಭಾಗ ಮಾಡುತ್ತೇವೆ. ಜಪಾನಿನ ನಗೋಯಾದ ಒಂದು ಕಂಪನಿ ಮಾತುಕತೆಗೆ ಕರೆದಿದೆ. ಮುಂದಿನ ತಿಂಗಳು ನಾನು, ನಮ್ಮಣ್ಣ ಹೊರಟಿದ್ದೇವೆ. ಇಬ್ಬರೂ ಮೊಟ್ಟೆ ಕೂಡ ತಿನ್ನುವುದಿಲ್ಲ. ಮೀಟಿಂಗ್ ಆದ ಮೇಲೆ ಒಂದೂವರೆ ದಿನ ಬಿಡುವಿದೆ. ನೀವು ಜಪಾನೀ ದುಭಾಷಿ ಅಲ್ವಾ, ದಾರಿ ತೋರಿಸಿ.

ಉತ್ತರ: ಮೊದಲು ಊಟದ ವಿಷಯ. ಅದರ ತಯಾರಿ ಇವತ್ತೇ ಶುರುವಾಗಬೇಕು. ಕರೆದ ಕಂಪನಿಗೆ ಮೇಲ್ ಹಾಕಿ. ‘ಸಸ್ಯಾಹಾರಿ’ ಅಂತಷ್ಟೇ ಬರೆದರೆ ಸಾಲದು. ಮಾಂಸ, ಮೀನು, ಮೊಟ್ಟೆ, ಮೀನಿನ ಸಾರು ಬೇಡ ಅಂತ ಒಂದೊಂದಾಗಿ ಬರೆಯಿರಿ. ಅಲ್ಲಿನ ಅಡುಗೆಗೆ ರುಚಿ ಕೊಡುವುದು ದಾಶಿ ಎಂಬ ತಿಳಿಸಾರು. ಹೆಚ್ಚಾಗಿ ಅದನ್ನು ಒಣಗಿಸಿದ ಬೊನಿಟೊ ಮೀನಿನ ತುರಿಯಿಂದ ಮಾಡುತ್ತಾರೆ. ಮಿಸೊ ಎಂಬ ಹುದುಗಿಸಿದ ಸೋಯಾ ಹಿಟ್ಟಿನ ಸೂಪು, ಸೋಬಾ ನೂಡಲ್ಸ್, ಬೇಯಿಸಿದ ತರಕಾರಿ, ಎಲ್ಲದರಲ್ಲೂ ಅದು ಸೇರಿರುತ್ತದೆ. ಬರೀ ತೋಫು ತರಿಸಿದರೂ ಮೇಲೆ ಅದೇ ತುರಿ ಉದುರಿಸಿರಬಹುದು. ಮುಂಚೆ ತಿಳಿಸಿದರೆ ಅವರು ಹೋಟೆಲಿನವರ ಜೊತೆ ಮಾತಾಡಿ ಏನಾದರೂ ವ್ಯವಸ್ಥೆ ಮಾಡುತ್ತಾರೆ. ಎಲೆ ಮುಂದೆ ಕುಳಿತ ಮೇಲೆ ಹೇಳಿದರೆ ಬಂದವರನ್ನು ಉಪವಾಸ ಕೆಡವಿದೆವಲ್ಲ ಅಂತ ಅವರಿಗೇ ಸಂಕಟ.

ಬೆಳಗಿನ ತಿಂಡಿಗೆ ಚಿಂತೆಯಿಲ್ಲ. ನಗೋಯಾದ ಎಷ್ಟೋ ಕಾಫಿ ಅಂಗಡಿಗಳಲ್ಲಿ ಬೆಳಗ್ಗೆ ಕಾಫಿ ಹೇಳಿದರೆ ಟೋಸ್ಟ್, ಬೇಯಿಸಿದ ಮೊಟ್ಟೆ ಅದೇ ದುಡ್ಡಿಗೆ ಬರುತ್ತದೆ. ಮೊಟ್ಟೆ ಬೇಡ ಅನ್ನಿ. ಒಗುರಾ ಟೋಸ್ಟ್ ಕೇಳಿ. ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ಕೆಂಪು ಕಾಳಿನ ಸಿಹಿ ಹೂರಣ. ಹೋಳಿಗೆ ತಿನ್ನುವವರಿಗೆ ಹಿಡಿಸದೇ ಇರದು. ಇಲ್ಲಿಂದ ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ಹಸಿ ಕರಿಬೇವು, ಹಣ್ಣು ಬೇಡ, ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ.

ಮೀಟಿಂಗ್‌ಗೂ ಇದೇ ಮಾತು. ಡ್ರಾಯಿಂಗ್, ರೇಟು, ಇನ್‌ಸ್ಪೆಕ್ಷನ್ ರಿಪೋರ್ಟ್ ಎಲ್ಲ ಮುಂಚೆಯೇ ಕಳಿಸಿ. ಅವರು ಒಳಗೊಳಗೇ ಒಬ್ಬೊಬ್ಬರನ್ನೂ ಕೇಳಿ, ಒಪ್ಪಿಸಿಕೊಂಡು, ಆಮೇಲೆ ಮೀಟಿಂಗಿಗೆ ಬರುತ್ತಾರೆ. ಅಲ್ಲಿ ಹೊಸ ರೇಟು ಮುಂದಿಟ್ಟರೆ ಯಾರೂ ಹೂಂ ಅನ್ನುವುದಿಲ್ಲ. ವಿಸಿಟಿಂಗ್ ಕಾರ್ಡನ್ನು ಎದ್ದು ನಿಂತು, ಎರಡೂ ಕೈಯಲ್ಲಿ, ಅವರಿಗೆ ಓದಲು ಬರುವ ಹಾಗೆ ತಿರುಗಿಸಿ ಕೊಡಿ. ನಿಮ್ಮಣ್ಣ ಮೊದಲು, ನೀವು ಆಮೇಲೆ. ಪಡೆದ ಕಾರ್ಡುಗಳನ್ನು ಅವರು ಕುಳಿತ ಸಾಲಿನಂತೆ ಮೇಜಿನ ಮೇಲೆ ಜೋಡಿಸಿಕೊಳ್ಳಿ.

ಮುಖ್ಯವಾದದ್ದು ಇದು. ರಿಜೆಕ್ಷನ್ ಬಗ್ಗೆ ಕೆದಕಿ ಕೆದಕಿ ಕೇಳುತ್ತಾರೆ. ತಪ್ಪು ಪೀಸ್ ಬಂದರೆ ಮಷೀನ್ ಯಾರು ನಿಲ್ಲಿಸುತ್ತಾರೆ? ಆ ಬ್ಯಾಚ್ ಎಲ್ಲಿ ಇಡುತ್ತೀರಿ? ಸುಮ್ನೆ ‘ನೋ ಪ್ರಾಬ್ಲಂ’ ಅನ್ನಬೇಡಿ. ನಿಮ್ಮಲ್ಲಿ ನಿಜವಾಗಿ ಏನು ನಡೆಯುತ್ತದೋ ಅದನ್ನೇ ಹೇಳಿ. ಆಗದ್ದನ್ನು ಆಗದು ಅಂದರೆ ಅವರ ನಂಬಿಕೆ ಹೆಚ್ಚುತ್ತದೆ.

ಇನ್ನೊಬ್ಬರ ಪ್ರಶ್ನೆ: ಕೊನೆಗೆ ‘ಯೋಚಿಸಿ ತಿಳಿಸುತ್ತೇವೆ’ ಅಂದರೆ? ರಾತ್ರಿ ಊಟಕ್ಕೆ ಕರೆದರೆ ಕುಡಿಯಲೇಬೇಕಾ?

ಉತ್ತರ: ಬರೀ ಅಷ್ಟೇ ಅಂದು ಎದ್ದರೆ ಹೆಚ್ಚಾಗಿ ಆಗಲಿಲ್ಲ ಅಂತಲೇ. ಸ್ಯಾಂಪಲ್ ಕೇಳಿದರೆ, ಮುಂದಿನ ದಿನಾಂಕ ಕೊಟ್ಟರೆ ಆಸೆ ಇದೆ. ಕುಡಿಯಬೇಕಿಲ್ಲ ಸಾರ್. ಊಲಾಂಗ್ ಟೀ ತರಿಸಿಕೊಳ್ಳಿ. ಎಲ್ಲರೂ ‘ಕಂಪಾಯ್’ (ಚಿಯರ್ಸ್) ಅನ್ನುವ ತನಕ ಲೋಟ ಬಾಯಿಗಿಡಬೇಡಿ. ಪಕ್ಕದವರ ಲೋಟ ಖಾಲಿಯಾದರೆ ನೀವೇ ಸುರಿಯಿರಿ.

ಮೊದಲ ಪ್ರಶ್ನೆ ಕೇಳಿದವರು: ಸುತ್ತಾಟಕ್ಕೆ ಎಲ್ಲಿಗೆ ಹೋಗಲಿ ಮೇಡಂ?

ಉತ್ತರ: ಅರ್ಧ ದಿನ ಟೊಯೋಟಾದ ಉದ್ಯಮ ಮತ್ತು ತಂತ್ರಜ್ಞಾನ ಸ್ಮಾರಕ ಮ್ಯೂಸಿಯಂಗೆ ಇಡಿ. ಸಾಧ್ಯವಾದರೆ ಮೀಟಿಂಗಿಗೆ ಮುಂಚೆಯೇ ಹೋಗಿ. ಸೋಮವಾರ ರಜೆ. ಹಳೆಯ ಇಟ್ಟಿಗೆಯ ಜವಳಿ ಗಿರಣಿಯಲ್ಲಿದೆ. ಟೊಯೋಟಾ ಸಮೂಹದ ಮೂಲಪುರುಷ ಸಕಿಚಿ ಟೊಯೋಡಾ 1924ರಲ್ಲಿ ಮುಗಿಸಿದ ಸ್ವಯಂಚಾಲಿತ ಮಗ್ಗ ಅಲ್ಲಿದೆ. ದಾರ ತುಂಡಾದರೆ ಆ ಮಗ್ಗ ತಾನೇ ನಿಲ್ಲುತ್ತದೆ, ಹಾಳು ಬಟ್ಟೆ ನೇಯುವುದಿಲ್ಲ. ಅದನ್ನು ಕಂಡ ಮೇಲೆ ರಿಜೆಕ್ಷನ್ ಬಗ್ಗೆ ಅವರು ಯಾಕೆ ಅಷ್ಟು ಕೇಳುತ್ತಾರೆ ಅಂತ ನಿಮಗೆ ಹೊಳೆಯುತ್ತದೆ. ಕೈಯಲ್ಲಿ ಮಷೀನ್ ಹಿಡಿದವರು ನೋಡಲೇಬೇಕಾದ ಜಾಗ.

ನಗೋಯಾ ಕೋಟೆಯ ಗೋಪುರದ ಒಳಗೆ 2018ರಿಂದ ಬಿಡುತ್ತಿಲ್ಲ. ಪಕ್ಕದ ಹೊನ್‌ಮಾರು ಅರಮನೆ ಮಾತ್ರ ಚೆನ್ನಾಗಿದೆ.

ಪೂರ್ತಿ ದಿನ ಕ್ಯೋಟೋಗೆ ಕೊಡಿ. ನೊಜೊಮಿ ಎಂಬ ಶಿಂಕಾನ್ಸೆನ್ (ಬುಲೆಟ್ ರೈಲು) ಹಿಡಿದರೆ ಸುಮಾರು 35 ನಿಮಿಷ. ಇಷ್ಟಕ್ಕೆ ರೈಲು ಪಾಸ್ ಬೇಡ, ಬಿಡಿ ಟಿಕೆಟ್ ಸಾಕು. ಫುಶಿಮಿ ಇನಾರಿ ದೇಗುಲ ಹಗಲು ರಾತ್ರಿ ತೆರೆದಿರುತ್ತದೆ, ಟಿಕೆಟ್ ಇಲ್ಲ. ಬೆಳಗ್ಗೆ ಬೇಗ ಅಲ್ಲಿಗೆ ಹೋಗಿ. ಚಿನ್ನದ ಮಂಟಪದ ಕಿಂಕಾಕುಜಿ ದೇವಾಲಯ ಸಂಜೆ 5 ಗಂಟೆಗೆ ಮುಚ್ಚುತ್ತದೆ, ಹಾಗಾಗಿ ಮಧ್ಯಾಹ್ನವೇ ಮುಗಿಸಿ. ದೊಡ್ಡ ಬ್ಯಾಗನ್ನು ನಗೋಯಾ ನಿಲ್ದಾಣದ ಲಾಕರ್‌ನಲ್ಲಿ ಬಿಟ್ಟು ಹೊರಡಿ.