ವೀಲ್‌ಚೇರ್ ಬಳಸುವ ಮಗಳೊಂದಿಗೆ ಥೀಮ್ ಪಾರ್ಕ್: ಒರ್ಲಾಂಡೊವೋ, ಸ್ಯಾನ್ ಆಂಟೋನಿಯೊವೋ?

ಪ್ರಶ್ನೆ (ಆಸ್ಟಿನ್, ಟೆಕ್ಸಾಸ್)

ಎಲ್ಲರಿಗೂ ನಮಸ್ಕಾರ. ನಮ್ಮ ಎಂಟು ವರ್ಷದ ಮಗಳಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲುಗಳ ಚಲನೆ ಕಷ್ಟವಾಗುವ ಸ್ಥಿತಿ) ಇದೆ. ಆಧಾರವಿಲ್ಲದೆ ನಿಲ್ಲಲು ಅವಳಿಗೆ ಆಗುವುದಿಲ್ಲ, ಆದರೆ ಬ್ಯಾಟರಿ ವೀಲ್‌ಚೇರನ್ನು ಜಾಯ್‌ಸ್ಟಿಕ್ ಹಿಡಿದು ತಾನೇ ಚೆನ್ನಾಗಿ ಓಡಿಸುತ್ತಾಳೆ. ಜೂನ್ ತಿಂಗಳಲ್ಲಿ ಶಿವಮೊಗ್ಗದಿಂದ ನಮ್ಮ ಅತ್ತೆ ಮಾವ ಬರುತ್ತಿದ್ದಾರೆ. ಮೊಮ್ಮಗಳನ್ನು ಒರ್ಲಾಂಡೊದ ಡಿಸ್ನಿ ವರ್ಲ್ಡ್‌ಗೆ ಕರೆದುಕೊಂಡು ಹೋಗಬೇಕೆಂಬುದು ಅವರ ಬಹುದಿನದ ಆಸೆ. ವೀಲ್‌ಚೇರ್ ಇರುವ ಮಕ್ಕಳಿಗೆ ಅಲ್ಲಿ ಸಾಲಿನಲ್ಲಿ ನಿಲ್ಲದೆ ಒಳಹೋಗುವ ಪಾಸ್ ಕೊಡುತ್ತಾರೆಂದು ಕೇಳಿದ್ದೇನೆ, ಅದು ಈಗಲೂ ಇದೆಯೇ? ಕುರ್ಚಿಯಿಂದ ಇಳಿಯದೆ ಅವಳು ಯಾವ ಯಾವ ರೈಡ್‌ಗಳಲ್ಲಿ ಕೂರಬಹುದು? ಮನೆಯಿಂದ ಹತ್ತಿರವೇ ಇರುವ ಸ್ಯಾನ್ ಆಂಟೋನಿಯೊದ ಮಾರ್ಗನ್ಸ್ ವಂಡರ್‌ಲ್ಯಾಂಡ್ ಎಂಬ ಪಾರ್ಕ್ ಬಗ್ಗೆಯೂ ಕೆಲವರು ಹೇಳಿದರು. ಅನುಭವವಿದ್ದವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ 1 (ಒರ್ಲಾಂಡೊ)

ನೀವು ಕೇಳಿದ ಪಾಸ್‌ನ ನಿಯಮ 2024ರ ಮೇ ತಿಂಗಳಲ್ಲಿ ಬದಲಾಗಿದೆ. ಆಟಿಸಂನಂತಹ ಬೆಳವಣಿಗೆಯ ತೊಂದರೆಗಳಿಂದಾಗಿ ಸಾಮಾನ್ಯ ಸಾಲಿನಲ್ಲಿ ಬಹಳ ಹೊತ್ತು ಕಾಯಲಾಗದವರಿಗಾಗಿಯೇ ಅದನ್ನು ಈಗ ಮೀಸಲಿಟ್ಟಿರುವುದರಿಂದ, ನಡೆಯಲು ಆಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಸಿಗುತ್ತದೆಂದು ನಂಬಿ ಟಿಕೆಟ್ ಕೊಳ್ಳಬೇಡಿ. ಹೆಚ್ಚಿನ ಸಾಲುಗಳಲ್ಲಿ ವೀಲ್‌ಚೇರ್ ಸಾಗುವಷ್ಟು ಅಗಲವಿದೆ. ಇಲ್ಲದ ಕಡೆ ಹಿಂತಿರುಗಿ ಬರುವ ಸಮಯವನ್ನು ಬಾಗಿಲಲ್ಲೇ ಬರೆದುಕೊಡುತ್ತಾರೆ.

ಡಿಸ್ನಿಯ ಪಾರ್ಕ್‌ಗಳಲ್ಲಿ ಒಂದಾದ ಮ್ಯಾಜಿಕ್ ಕಿಂಗ್‌ಡಮ್‌ನ 'ಇಟ್ಸ್ ಎ ಸ್ಮಾಲ್ ವರ್ಲ್ಡ್' ಮತ್ತು 'ಜಂಗಲ್ ಕ್ರೂಸ್' ಎರಡರಲ್ಲೂ ಕುರ್ಚಿಯಲ್ಲಿ ಕುಳಿತೇ ದೋಣಿ ಏರುವ ವ್ಯವಸ್ಥೆ ಇದೆ. ಅಲ್ಲಿನ ಇನ್ನೊಂದು ಪಾರ್ಕ್ ಅನಿಮಲ್ ಕಿಂಗ್‌ಡಮ್‌ನ ಸಫಾರಿ ವಾಹನವೂ ಹಾಗೆಯೇ, ಮತ್ತು ನನ್ನ ಮಟ್ಟಿಗೆ ಹಿರಿಯರಿಗೂ ಮಕ್ಕಳಿಗೂ ಒಟ್ಟಿಗೆ ಹಿಡಿಸುವುದು ಅದೇ. 'ಪೀಟರ್ ಪ್ಯಾನ್ಸ್ ಫ್ಲೈಟ್' ಮಾತ್ರ ನಿಮಗೆ ಆಗದು, ಏಕೆಂದರೆ ಚಲಿಸುತ್ತಿರುವ ಪಟ್ಟಿಯ ಮೇಲೆ ನಡೆದೇ ಅದನ್ನು ಏರಬೇಕು. ಇನ್ನೊಂದು ಮಾತು: ಕುರ್ಚಿ ಹಿಡಿಸುವಂತಹ ದೋಣಿಗಳು ಕೆಲವೇ ಇರುವುದರಿಂದ, ಅವುಗಳಿಗಾಗಿ ಕಾಯುವ ಸಮಯ ಫಲಕದಲ್ಲಿ ಬರೆದದ್ದಕ್ಕಿಂತ ಹೆಚ್ಚಾಗಬಹುದು. ಇದನ್ನು ಅಜ್ಜಿ ತಾತನಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಉತ್ತರ 2 (ಸ್ಯಾನ್ ಆಂಟೋನಿಯೊ)

ನಾವು ಇದೇ ಊರಿನವರು, ನಮ್ಮ ಮಗನೂ ವೀಲ್‌ಚೇರ್ ಬಳಸುತ್ತಾನೆ, ಆದ್ದರಿಂದ ಸ್ವಲ್ಪ ಅಭಿಮಾನದಿಂದಲೇ ಬರೆಯುತ್ತಿದ್ದೇನೆ. ಮನೆ ಕಟ್ಟಿಸುವ ಉದ್ಯಮದಲ್ಲಿದ್ದ ಗಾರ್ಡನ್ ಹಾರ್ಟ್‌ಮನ್ ಅವರು, ಈಜುಕೊಳದಲ್ಲಿ ತಮ್ಮ ಮಗಳು ಮಾರ್ಗನ್ ಆಟಕ್ಕೆ ಸೇರಲು ಹೋದಾಗ ಉಳಿದ ಮಕ್ಕಳು ದೂರ ಸರಿದದ್ದನ್ನು ಕಂಡು, ಎಲ್ಲರೂ ಒಟ್ಟಿಗೆ ಆಡಬಹುದಾದ ಜಾಗವೊಂದು ಬೇಕೆಂದು ಹಳೆಯ ಕಲ್ಲುಗಣಿಯ ಪ್ರದೇಶದಲ್ಲಿ 25 ಎಕರೆಯ ಮಾರ್ಗನ್ಸ್ ವಂಡರ್‌ಲ್ಯಾಂಡ್ ಉದ್ಯಾನವನ್ನು ಕಟ್ಟಿಸಿದರು. 2010ರಲ್ಲಿ ಅದು ತೆರೆಯಿತು. ಅಂಗವೈಕಲ್ಯವಿರುವವರಿಗೆ ಪ್ರವೇಶ ಉಚಿತ.

ಇಲ್ಲಿ ಮಗುವನ್ನು ಪಕ್ಕದ ಬಾಗಿಲಿಗೆ ಕಳುಹಿಸುವುದಿಲ್ಲ. ಕ್ಯಾರೊಸೆಲ್‌ನಲ್ಲಿ (ಸುತ್ತುವ ಮರದ ಕುದುರೆಗಳ ಆಟ) ಕುದುರೆಗಳ ಸಾಲಿನಲ್ಲಿಯೇ ವೀಲ್‌ಚೇರ್ ನಿಲ್ಲಿಸುವ ವೇದಿಕೆ ಇದ್ದು, ಕುದುರೆಗಳಂತೆಯೇ ಅದೂ ಮೇಲೆ ಕೆಳಗೆ ಆಡುತ್ತದೆ. ಕುರ್ಚಿ ಸಮೇತ ಕೂರುವ ಉಯ್ಯಾಲೆಯೂ ಇದೆ. 2017ರಲ್ಲಿ ಪಕ್ಕದಲ್ಲೇ ತೆರೆದ 'ಮಾರ್ಗನ್ಸ್ ಇನ್ಸ್ಪಿರೇಷನ್ ಐಲ್ಯಾಂಡ್' ಎಂಬ ನೀರಿನ ಉದ್ಯಾನದಲ್ಲಿ ನಿಮ್ಮ ಕುರ್ಚಿಯನ್ನು ಹೊರಗಿಟ್ಟು, ನೀರು ತಾಗಿದರೂ ಕೆಡದ ಕುರ್ಚಿಗೆ ಬದಲಾಯಿಸಿಕೊಳ್ಳಬಹುದು. ಅವುಗಳಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದೊಂದಿಗೆ ಸೇರಿ ರೂಪಿಸಿದ, ಬ್ಯಾಟರಿಯ ಬದಲು ಒತ್ತಿ ತುಂಬಿದ ಗಾಳಿಯಿಂದ ಓಡುವ ಕುರ್ಚಿಗಳೂ ಇವೆ. ನಿಮ್ಮ ಮಗಳಿಗೆ ಬೆನ್ನಿಗೂ ತಲೆಗೂ ಎಷ್ಟು ಆಧಾರ ಬೇಕೆಂದು ಮೊದಲೇ ಫೋನ್ ಮಾಡಿ ತಿಳಿಸಿ, ಅವಳ ಅಳತೆಗೆ ಸರಿಹೊಂದುವ ಕುರ್ಚಿ ಇದೆಯೇ ಎಂದು ಕೇಳಿ. ಉದ್ಯಾನ ಎಲ್ಲ ದಿನವೂ ತೆರೆದಿರುವುದಿಲ್ಲ, ಕ್ಯಾಲೆಂಡರ್ ನೋಡಿಯೇ ದಿನ ಗೊತ್ತುಮಾಡಿ.

ಉತ್ತರ 3 (ಹ್ಯೂಸ್ಟನ್, ಮಕ್ಕಳ ಫಿಸಿಯೊಥೆರಪಿಸ್ಟ್)

ಯಾವ ಪಾರ್ಕ್ ಎಂದು ತೀರ್ಮಾನಿಸುವ ಮೊದಲು, ಆ ದಿನ ಮಗುವನ್ನು ಒಟ್ಟು ಎಷ್ಟು ಸಲ ಎತ್ತಬೇಕಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ. ಕುರ್ಚಿಯಿಂದ ಇಳಿಯಬೇಕಾದ ಪ್ರತಿ ರೈಡ್‌ಗೂ ಎರಡು ಸಲ, ಶೌಚಾಲಯಕ್ಕೆ ಹೋದಾಗಲೆಲ್ಲ ಎರಡು ಸಲ. ವ್ಯಾನಿಗೆ ರ‍್ಯಾಂಪ್ ಇಲ್ಲದಿದ್ದರೆ ಅದೂ ಸೇರುತ್ತದೆ. ಎಂಟು ವರ್ಷದ ಮಗು ಸುಮಾರು 25 ಕಿಲೋ ತೂಗುತ್ತದೆ. ರೋಗಿಗಳನ್ನು ಕೈಯಿಂದ ಎತ್ತುವ ಆರೋಗ್ಯ ಸಿಬ್ಬಂದಿಗೆ ಅಮೆರಿಕದಲ್ಲಿ ಸೂಚಿಸಿರುವ ಮಿತಿಯೇ 35 ಪೌಂಡ್, ಅಂದರೆ 16 ಕಿಲೋ. ಅತ್ತೆ ಮಾವ ಎಷ್ಟೇ ಪ್ರೀತಿಯಿಂದ ಮುಂದೆ ಬಂದರೂ ಎತ್ತುವ ಕೆಲಸಕ್ಕೆ ಅವರನ್ನು ಬಿಡಬೇಡಿ.

ಟೆಕ್ಸಾಸ್‌ನ ಜೂನ್ ಬಿಸಿಲನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಜೊಲ್ಲು ಸುರಿಯುವುದನ್ನು ತಡೆಯಲು ಗ್ಲೈಕೊಪೈರೊಲೇಟ್ ಎಂಬ ಔಷಧಿ ಕೊಡುತ್ತಿದ್ದರೆ ಅದು ಬೆವರುವುದನ್ನೂ ಕಡಿಮೆ ಮಾಡುವುದರಿಂದ ಮೈ ಬೇಗ ಕಾಯುತ್ತದೆ. ಹೊರಡುವ ಮೊದಲು ವೈದ್ಯರನ್ನು ಕೇಳಿ. ಕಾಲಿಗೆ ಬ್ರೇಸ್ (ಆಧಾರದ ಪಟ್ಟಿ) ಹಾಕುತ್ತಿದ್ದರೆ ಮಧ್ಯಾಹ್ನ ನೆರಳಿನಲ್ಲಿ ಬಿಚ್ಚಿ, ಕಾಲುಚೀಲ ಬದಲಾಯಿಸಿ, ಹಿಮ್ಮಡಿ ಮತ್ತು ಕಣಕಾಲಿನ ಗಂಟು ನೋಡಿ. ಕೆಂಪು ಗುರುತು ಅರ್ಧ ಗಂಟೆಯಾದರೂ ಮಾಯದಿದ್ದರೆ ಆ ದಿನ ಮತ್ತೆ ಬ್ರೇಸ್ ಹಾಕಬೇಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಎತ್ತುವ ಲೆಕ್ಕವನ್ನು ಪತಿಯೊಂದಿಗೆ ಕುಳಿತು ಬರೆದು ನೋಡಿದ ಮೇಲೆ ಜೂನ್‌ನಲ್ಲಿ ಸ್ಯಾನ್ ಆಂಟೋನಿಯೊಗೇ ಹೋಗುವುದೆಂದು ನಿಶ್ಚಯಿಸಿದ್ದೇವೆ. ನೀರಿನ ಉದ್ಯಾನಕ್ಕೂ ಅದೇ ದಿನ ಹೋಗಬಹುದೇ?

ಉತ್ತರ 2 (ಸ್ಯಾನ್ ಆಂಟೋನಿಯೊ)

ಒಂದೇ ದಿನ ಎರಡನ್ನೂ ಮಾಡಿದರೆ ಮಗುವಿಗೆ ಆಯಾಸವಾಗುತ್ತದೆ. ರಾತ್ರಿ ಇಲ್ಲೇ ಉಳಿದು, ಮರುದಿನ ಬೆಳಗ್ಗೆ ಬಾಗಿಲು ತೆರೆಯುತ್ತಲೇ ನೀರಿಗೆ ಹೋಗಿ. ಒದ್ದೆಯಾದ ಮೇಲೆ ಕುರ್ಚಿಗೆ ಹಾಸಲು ದಪ್ಪ ಟವೆಲ್ಲನ್ನೂ, ಜಾಯ್‌ಸ್ಟಿಕ್‌ಗೆ ಸುತ್ತಲು ಪ್ಲಾಸ್ಟಿಕ್ ಚೀಲವನ್ನೂ ಮರೆಯದೆ ತನ್ನಿ.