ಮಕ್ಕಳು ಬೇಡ ಅಂದವಳಿಗೆ ಎಷ್ಟು ಪ್ರಶ್ನೆ!

ನನಗೆ ಇಬ್ಬರು ಮಕ್ಕಳು. ಹಾಗಾಗಿ ಇದು ನನ್ನ ಪರವಾಗಿ ನಾನೇ ಮಾಡುತ್ತಿರುವ ವಾದ ಅಲ್ಲ. ಆದರೆ ಮಕ್ಕಳು ಬೇಡ ಅಂತ ತೀರ್ಮಾನಿಸಿದ ಹೆಂಗಸರನ್ನು ಹೊರದೇಶದ ನಮ್ಮ ಕನ್ನಡ ಕೂಟಗಳಲ್ಲಿ ಮಾತಾಡಿಸುವ ರೀತಿ ನೋಡಿ ನೋಡಿ ಸಾಕಾಗಿದೆ.

ಮದುವೆಯಾದ ಹೊಸತರಲ್ಲಿ "ಏನಮ್ಮಾ, ಏನಾದ್ರೂ ವಿಶೇಷ?" ಅಂತ ಶುರು. ಎರಡು ಮೂರು ವರ್ಷ ಕಳೆದರೆ ದನಿ ತಗ್ಗುತ್ತದೆ. "ಡಾಕ್ಟರ್ ಹತ್ರ ತೋರಿಸಿದ್ರಾ?" ಅವಳು "ಹಾಗೇನಿಲ್ಲ ಆಂಟಿ, ನಮಗೆ ಮಕ್ಕಳು ಬೇಡ" ಅಂದುಬಿಟ್ಟರೆ ಮುಗೀತು. ಅಲ್ಲಿಯವರೆಗೆ ಕನಿಕರ ತೋರಿಸಿದವರೇ ಮುಖ ಸಿಂಡರಿಸುತ್ತಾರೆ. ಆಗಲಿಲ್ಲ ಅಂದರೆ ಅಯ್ಯೋ ಪಾಪ, ಬೇಡ ಅಂದರೆ ಸೊಕ್ಕು. ಪಕ್ಕದಲ್ಲೇ ಗಂಡ ತಟ್ಟೆ ಹಿಡಿದು ಕ್ರಿಕೆಟ್ ಮಾತಾಡುತ್ತಾ ನಿಂತಿರುತ್ತಾನೆ. ಅವನನ್ನು ಯಾರೂ ಕೇಳುವುದಿಲ್ಲ. ಸೋವಿಯತ್ ಒಕ್ಕೂಟದಲ್ಲಿ 1941ರಲ್ಲಿ ಮಕ್ಕಳಿಲ್ಲದವರ ಮೇಲೆ ತೆರಿಗೆ ಹಾಕಿದಾಗ ಗಂಡಸರಿಂದಲೂ ವಸೂಲಿ ಮಾಡಿದರು. ಅಲ್ಲಿನ ಸರ್ವಾಧಿಕಾರಿ ಸ್ಟಾಲಿನ್‌ಗಿದ್ದಷ್ಟು ಸಮಾನತೆಯಾದರೂ ನಮಗೆ ಬೇಡವಾ!

ಇನ್ನು, ಬೇಡ ಅನ್ನುವುದಕ್ಕೆ ಒಂದು ಭಾರಿ ಕಾರಣ ಕೊಡಬೇಕಂತೆ. ಕೆಲಸವಾ, ದುಡ್ಡಾ, ಆರೋಗ್ಯವಾ ಅಂತ ಕೆದಕುತ್ತಾರೆ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮುಂದೆ ಮಕ್ಕಳು ಮಾಡಿಕೊಳ್ಳುವುದು ಅನುಮಾನ ಅಂದ 50 ವರ್ಷದೊಳಗಿನ ಮಕ್ಕಳಿಲ್ಲದವರಲ್ಲಿ ಶೇ. 57 ಮಂದಿ ಹೇಳಿದ್ದು ಇಷ್ಟು: ನಮಗೆ ಇಷ್ಟ ಇಲ್ಲ, ಅದೂ ಒಂದು ಮುಖ್ಯ ಕಾರಣ. ಸಾಲದಾ? ಮಕ್ಕಳು ಬೇಕು ಅಂದಾಗ ನನ್ನನ್ನು ಯಾರೂ ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೆ ತಡವರಿಸುತ್ತಿದ್ದೆ.

"ವಯಸ್ಸಾದ ಮೇಲೆ ಯಾರು ನೋಡ್ಕೊಳ್ತಾರೆ?" ಇದು ಕೊನೆಯ ಅಸ್ತ್ರ. ಹೊರದೇಶದಲ್ಲಿ ಕೂತ ನಾವು ಇದನ್ನು ಕೇಳುವುದಕ್ಕೆ ಧೈರ್ಯ ಬೇಕು ಬಿಡಿ. ನಮ್ಮಲ್ಲಿ ಎಷ್ಟು ಜನರ ಅಪ್ಪ ಅಮ್ಮ ಮನೆಯಲ್ಲಿ ಇಬ್ಬರೇ ಇದ್ದಾರೆ? ಅವರಿಗೆ ಮಕ್ಕಳಿದ್ದಾರೆ, ಚೆನ್ನಾಗಿ ಓದಿದ್ದಾರೆ, ಅದಕ್ಕೇ ಇಲ್ಲಿದ್ದಾರೆ. ಅಪ್ಪನಿಗೆ ರಾತ್ರಿ ಎದೆನೋವು ಬಂದರೆ ಕಾರು ತೆಗೆಯುವವರು ಪಕ್ಕದ ಮನೆಯವರು. ನಾವು ಇಲ್ಲಿಂದ "ಇಸಿಜಿ ಫೋಟೋ ಕಳಿಸಿ" ಅನ್ನುತ್ತೇವೆ, ಟಿಕೆಟ್ ಹುಡುಕುತ್ತೇವೆ. ತಪ್ಪು ಅಂತಲ್ಲ, ಬದುಕು ಹಾಗಿದೆ. ಮಕ್ಕಳು ನೋಡಿಕೊಳ್ಳುವುದು ಖಾತ್ರಿಯಾಗಿದ್ದರೆ ಭಾರತದಲ್ಲಿ 2007ರಲ್ಲಿ ಅದಕ್ಕೆಂದೇ ಕಾನೂನು ಮಾಡಬೇಕಾಗಿರಲಿಲ್ಲ. ಹೆತ್ತವರು ಜೀವನಾಂಶಕ್ಕೆ ಮಕ್ಕಳ ಮೇಲೇ ಅರ್ಜಿ ಹಾಕಬಹುದು ಅನ್ನುತ್ತದೆ ಆ ಕಾನೂನು. ಮಕ್ಕಳಿಲ್ಲದ ಹಿರಿಯರನ್ನೂ ಅದು ಬಿಟ್ಟಿಲ್ಲ. ಅವರ ಆಸ್ತಿ ಯಾರಿಗೆ ಸೇರಲಿದೆಯೋ ಆ ಸಂಬಂಧಿಕರಿಂದ ಅವರು ಜೀವನಾಂಶ ಕೇಳಬಹುದು.

ಮಾತು ಹಾಗಿರಲಿ, ನಡವಳಿಕೆಯೂ ಅಷ್ಟೇ. ಮಕ್ಕಳ ನೆಪದಲ್ಲೇ ನಮ್ಮ ಗೆಳೆತನ ಬೆಳೆಯುತ್ತದೆ, ಕನ್ನಡ ತರಗತಿ, ಹುಟ್ಟುಹಬ್ಬ ಅಂತ. ಇದಕ್ಕೆಲ್ಲ ಮಕ್ಕಳಿಲ್ಲದವರಿಗೆ ಕರೆ ಬರುವುದಿಲ್ಲ. ಆದರೆ ಹಾಲ್ ಬುಕಿಂಗ್, ಕುರ್ಚಿ ಜೋಡಿಸುವುದು, ಕೊನೆಗೆ ಕಸ ಎತ್ತುವುದು ಅಂದಾಗ ಮೊದಲು ಅವಳ ಹೆಸರೇ ನೆನಪಾಗುತ್ತದೆ. "ನಿನಗೇನಮ್ಮಾ, ಮಕ್ಕಳ ರಗಳೆ ಇಲ್ಲ." ಅವಳಿಗೂ ಭಾನುವಾರ ಒಂದೇ ದಿನ ರಜೆ, ಅಲ್ವಾ?

ನಾಳೆ ನನ್ನ ಮಗಳು ಮಕ್ಕಳು ಬೇಡ ಅಂದರೆ ಬೇಜಾರಾಗುತ್ತಾ ಅಂತ ಗೆಳತಿಯೊಬ್ಬಳು ಕೇಳಿದಳು. ಆಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ಬೇಜಾರು ನನ್ನದು, ಅವಳು ತೀರಿಸಬೇಕಾದ ಸಾಲ ಅಲ್ಲ.

ನಿಜವಾಗಿ ಕಾಳಜಿ ಇದ್ದರೆ ಕೇಳಬೇಕಾದ್ದು ಬೇರೆ ಇದೆ. ವಿಲ್ ಬರೆಸಿದ್ದೀರಾ? ನಮಗೆ ಪ್ರಜ್ಞೆ ತಪ್ಪಿದರೆ ಆಸ್ಪತ್ರೆಯಲ್ಲಿ ನಮ್ಮ ಪರವಾಗಿ ನಿರ್ಧಾರ ಮಾಡುವವರು ಯಾರು, ಅದು ಕಾಗದದ ಮೇಲಿದೆಯಾ? ನೆಂಟರೆಲ್ಲ ದೂರ ಇರುವಾಗ ಇದು ಮಕ್ಕಳಿಲ್ಲದವರಿಗೆ ಜಾಸ್ತಿ ಮುಖ್ಯ, ಚಿಕ್ಕ ಮಕ್ಕಳಿರುವವರಿಗೂ ಬೇಕೇ ಬೇಕು. ಇಲ್ಲಿನ ನಿಯಮ ಗೊತ್ತಿರುವ ವಕೀಲರು ನಮ್ಮಲ್ಲಿ ಯಾರಾದರೂ ಇದ್ದರೆ ಮುಂದಿನ ಕೂಟದಲ್ಲಿ ಅರ್ಧ ಗಂಟೆ ಮಾತಾಡಲಿ. ಕುರ್ಚಿ ಈ ಸಲ ನಾನು ಜೋಡಿಸುತ್ತೇನೆ.